ಕಂಪ್ಯೂಟರ್ ಅನ್ನೋದು ಒಂದು ಕೆಲಸದ ಹೆಸರು

ಕಂಪ್ಯೂಟರ್‌ಗೆ ನಾವು ಕನ್ನಡದಲ್ಲಿ ಗಣಕಯಂತ್ರ ಅಂತೀವಿ. ಈಗೀಗ ಕೆಲವರು ‘ಯಂತ್ರ’ ಬಿಟ್ಟು ಬರೀ ಗಣಕ ಅಂತಲೂ ಬರೆಯುತ್ತಾರೆ. ಆದರೆ ಹಳೆಯ ನಿಘಂಟು ತೆಗೆದು ನೋಡಿ. ಗಣಕ ಅಂದ್ರೆ ಲೆಕ್ಕ ಹಾಕುವವನು, ಜೋಯಿಸ. ಅಮರಕೋಶ ಜ್ಯೋತಿಷಿಗೆ ಇರುವ ಹೆಸರುಗಳ ಸಾಲಿನಲ್ಲೇ ಈ ಪದವನ್ನೂ ಸೇರಿಸಿದೆ. ಗ್ರಹಣ ಯಾವತ್ತು, ಸಂಕ್ರಮಣ ಎಷ್ಟು ಗಳಿಗೆಗೆ ಅಂತ ಕೂತು ಗುಣಿಸಿ ಭಾಗಿಸಿ ಹೇಳುತ್ತಿದ್ದ ಮನುಷ್ಯ ಅವನು. ಯಂತ್ರ ಬಂದ ಮೇಲೆ ಅದನ್ನು ಬೇರೆ ಮಾಡಿ ಹೇಳೋಕೆ ‘ಗಣಕಯಂತ್ರ’ ಅನ್ನಬೇಕಾಯಿತು.

ಇಂಗ್ಲಿಷಿನಲ್ಲೂ ಕಥೆ ಇದೇ. 17ನೇ ಶತಮಾನದಿಂದ ಹಿಡಿದು 1940ರ ದಶಕದವರೆಗೆ, ಅಂದ್ರೆ ಹೆಚ್ಚುಕಮ್ಮಿ ಮುನ್ನೂರು ವರ್ಷ, ಕಂಪ್ಯೂಟರ್ ಅಂದ್ರೆ ಒಬ್ಬ ಮನುಷ್ಯ. ಗುಮಾಸ್ತ, ಶಾನುಭೋಗ, ಟೈಪಿಸ್ಟ್ ಅಂತೀವಲ್ಲ, ಹಾಗೇ ಅದೊಂದು ಕೆಲಸದ ಹೆಸರು. 1892ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಅಮೆರಿಕದ ಒಂದು ಸರ್ಕಾರಿ ಕಚೇರಿಗೆ ಕಂಪ್ಯೂಟರ್ ಬೇಕಾಗಿದ್ದಾರೆ ಎಂಬ ಪ್ರಕಟಣೆಯೇ ಬಂದಿತ್ತು. ಪರೀಕ್ಷೆ ಬರೆದು ಪಾಸಾದವರಿಗೆ ಕೆಲಸ, ಸಂಬಳ.

ಶಾಲೆಯ ಪುಸ್ತಕಗಳಲ್ಲಿ ಕಂಪ್ಯೂಟರಿನ ಇತಿಹಾಸ ಅಂದ್ರೆ ಯಂತ್ರಗಳ ಪಟ್ಟಿ. ಅಬ್ಯಾಕಸ್, ಪಾಸ್ಕಲ್‌ನ ಪೆಟ್ಟಿಗೆ, ಬ್ಯಾಬೇಜ್‌ನ ಎಂಜಿನ್, ಎನಿಯಾಕ್, ಆಮೇಲೆ ನಮ್ಮ ಟೇಬಲ್ ಮೇಲಿನ ಪಿಸಿ. ಆ ಪಟ್ಟಿ ತಪ್ಪೇನಲ್ಲ. ಆದರೆ ಯಂತ್ರಕ್ಕಿಂತ ಮೊದಲು ಆ ಹೆಸರು ಹೊತ್ತಿದ್ದ ಮನುಷ್ಯರು ಅದರಲ್ಲಿ ಇಲ್ಲ. ಅವರ ಕಥೆ ಗೊತ್ತಾದರೆ ಇನ್ನೊಂದು ಲಾಭವೂ ಇದೆ. ಕಂಪ್ಯೂಟರ್ ಒಳಗೆ ಏನು ನಡೆಯುತ್ತೆ ಅನ್ನೋದು ತಾನೇ ಅರ್ಥವಾಗುತ್ತದೆ, ಯಾಕಂದ್ರೆ ಆ ಡಬ್ಬದ ಒಳಗಿರೋದು ಅವರು ಕೂತು ಕೆಲಸ ಮಾಡುತ್ತಿದ್ದ ಕಚೇರಿಯೇ.

ಧೂಮಕೇತುವಿನ ಲೆಕ್ಕ

1758ನೇ ಇಸವಿ, ಪ್ಯಾರಿಸ್. ಹ್ಯಾಲಿ ಎಂಬ ಖಗೋಳಜ್ಞ ತಾನು ಸಾಯುವ ಮೊದಲೇ ಒಂದು ಧೂಮಕೇತು 1758ರ ಕೊನೆಗೋ 1759ರ ಮೊದಲಿಗೋ ಮತ್ತೆ ಬರುತ್ತದೆ ಅಂತ ಹೇಳಿಹೋಗಿದ್ದರು. ಸರಿಯಾಗಿ ಯಾವಾಗ? ಇದು ಸುಲಭದ ಪ್ರಶ್ನೆಯಲ್ಲ. ಧೂಮಕೇತು ಬರುವ ದಾರಿಯಲ್ಲಿ ಗುರು, ಶನಿ ಎರಡೂ ಅದನ್ನು ತಮ್ಮ ಕಡೆ ಎಳೆಯುತ್ತವೆ. ಎಷ್ಟು ಎಳೆದವು ಅಂತ ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಬೇಕು. ಒಬ್ಬರ ಕೈಲಿ ಆಗೋ ಕೆಲಸವಲ್ಲ.

ಅಲೆಕ್ಸಿ ಕ್ಲೆರೋ ಎಂಬ ಗಣಿತಜ್ಞ ಕೆಲಸವನ್ನು ಹಂಚಿದ. ಜೋಸೆಫ್ ಲಾಲಾಂದ್ ಎಂಬ ಯುವ ಖಗೋಳಜ್ಞ ಮತ್ತು ನಿಕೋಲ್-ರೇನ್ ಲಪೋತ್ ಎಂಬ ಮಹಿಳೆ ಮೇಜಿನ ಮುಂದೆ ಕೂತರು. ತಿಂಗಳುಗಟ್ಟಲೆ, ಬೆಳಗ್ಗೆಯಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಹೊತ್ತಿನಲ್ಲೂ ಲೆಕ್ಕ. ನವೆಂಬರಿನಲ್ಲಿ ಕ್ಲೆರೋ ಉತ್ತರ ಹೇಳಿದ: ಧೂಮಕೇತು 1759ರ ಏಪ್ರಿಲ್ ಮಧ್ಯದಲ್ಲಿ ಸೂರ್ಯನಿಗೆ ತೀರಾ ಹತ್ತಿರ ಬರುತ್ತದೆ, ಒಂದು ತಿಂಗಳು ಹೆಚ್ಚುಕಮ್ಮಿ ಆಗಬಹುದು. ಅದು ಬಂದದ್ದು ಮಾರ್ಚ್ 13ಕ್ಕೆ. ಸುಮಾರು 76 ವರ್ಷಕ್ಕೊಮ್ಮೆ ಬರುವ ಅತಿಥಿಯ ವಿಷಯದಲ್ಲಿ ಒಂದು ತಿಂಗಳ ವ್ಯತ್ಯಾಸ ದೊಡ್ಡದಲ್ಲ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ದೊಡ್ಡ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ ಬೇರೆ ಬೇರೆಯವರಿಗೆ ಕೊಡಬಹುದು ಅನ್ನೋದು ಸಾಬೀತಾಯಿತು. ಎರಡನೆಯದು ಅಷ್ಟು ಚೆನ್ನಾಗಿಲ್ಲ. ಕ್ಲೆರೋ ಆಮೇಲೆ ಇದರ ಬಗ್ಗೆ ಪುಸ್ತಕ ಬರೆದಾಗ ಲಪೋತ್ ಹೆಸರನ್ನು ಕೈಬಿಟ್ಟ. ಆಕೆಯಿಲ್ಲದೆ ಈ ಕೆಲಸಕ್ಕೆ ಕೈಹಾಕುವ ಧೈರ್ಯವೇ ಬರುತ್ತಿರಲಿಲ್ಲ ಅಂತ ಲಾಲಾಂದ್ ಹೇಳಿಟ್ಟ ಕಾರಣಕ್ಕೆ ಇವತ್ತು ನಮಗೆ ಆಕೆಯ ಹೆಸರು ಗೊತ್ತು. ಈ ಎರಡನೇ ವಿಷಯ ಮುಂದೆಯೂ ಮತ್ತೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕೂಡೋದು ಕಳೆಯೋದು ಬಂದರೆ ಸಾಕು

ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ ಹಿಡಿದು ಲಾಗ್ ನೋಡಿದವರಿಗೆ ಗೊತ್ತು, ಲಾಗ್ ಇದ್ದರೆ ಗುಣಾಕಾರ ಹೋಗಿ ಸಂಕಲನ ಆಗುತ್ತದೆ. ಹಡಗು ನಡೆಸುವವರು, ಭೂಮಿ ಅಳೆಯುವವರು, ತೋಪು ಹಾರಿಸುವವರು ಎಲ್ಲರಿಗೂ ಈ ಕೋಷ್ಟಕಗಳೇ ಆಧಾರ. ಆದರೆ ಆ ಕೋಷ್ಟಕದ ಒಂದೊಂದು ಅಂಕಿಯನ್ನೂ ಯಾರೋ ಕೂತು ಲೆಕ್ಕ ಹಾಕಿರಬೇಕಲ್ವಾ?

1790ರ ದಶಕದಲ್ಲಿ ಫ್ರಾನ್ಸಿನ ಸರ್ಕಾರ ಹೊಸ ಮೆಟ್ರಿಕ್ ಅಳತೆಗೆ ತಕ್ಕ ಹೊಸ ಕೋಷ್ಟಕಗಳನ್ನು ಮಾಡಿಸಲು ಗಾಸ್ಪಾರ್ ದ ಪ್ರೋನಿ ಎಂಬ ಎಂಜಿನಿಯರ್‌ಗೆ ಹೇಳಿತು. ಆತ ಆಡಂ ಸ್ಮಿತ್ ಬರೆದಿದ್ದ ಗುಂಡುಸೂಜಿ ಕಾರ್ಖಾನೆಯ ವಿವರಣೆ ಓದಿದ್ದ. ಒಬ್ಬ ತಂತಿ ಎಳೆಯುತ್ತಾನೆ, ಒಬ್ಬ ಕತ್ತರಿಸುತ್ತಾನೆ, ಇನ್ನೊಬ್ಬ ಮೊನೆ ಮಾಡುತ್ತಾನೆ. ಲೆಕ್ಕವನ್ನೂ ಹೀಗೇ ಯಾಕೆ ತಯಾರಿಸಬಾರದು ಅಂತ ಪ್ರೋನಿಗೆ ಹೊಳೆಯಿತು. ಮೇಲೆ ಐದಾರು ಜನ ದೊಡ್ಡ ಗಣಿತಜ್ಞರು ಸೂತ್ರ ಆರಿಸುತ್ತಾರೆ. ನಡುವೆ ಏಳೆಂಟು ಜನ ಅದನ್ನು ಅಂಕಿಗಳಾಗಿ ಬಿಡಿಸಿ ಹಾಳೆ ತಯಾರು ಮಾಡುತ್ತಾರೆ. ಕೆಳಗೆ 60ರಿಂದ 80 ಜನ ಆ ಹಾಳೆ ತುಂಬುತ್ತಾರೆ. ಅವರಿಗೆ ಕೂಡೋದು, ಕಳೆಯೋದು ಎರಡು ಬಂದರೆ ಸಾಕು. ಕ್ರಾಂತಿಯಾಗಿ ಶ್ರೀಮಂತರ ತಲೆಯ ಅಲಂಕಾರ ನಿಂತುಹೋದ ಮೇಲೆ ಕೆಲಸ ಕಳೆದುಕೊಂಡ ಕೇಶಶೃಂಗಾರದವರೂ ಇದರಲ್ಲಿ ಇದ್ದರು ಎಂಬ ಮಾತಿದೆ.

ಬರೀ ಕೂಡಿಕೊಂಡು ದೊಡ್ಡ ಕೋಷ್ಟಕ ಮಾಡೋದು ಹೇಗೆ ಅಂತೀರಾ? ಸಣ್ಣ ಉದಾಹರಣೆ ನೋಡಿ. ವರ್ಗಗಳ ಸಾಲು: 1, 4, 9, 16, 25. ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ತೆಗೆಯಿರಿ: 3, 5, 7, 9. ಆ ವ್ಯತ್ಯಾಸಗಳ ವ್ಯತ್ಯಾಸ ತೆಗೆಯಿರಿ: 2, 2, 2. ಇನ್ನು ಮುಂದೆ ಗುಣಾಕಾರವೇ ಬೇಡ. 9ಕ್ಕೆ 2 ಕೂಡಿಸಿ, 11. ಅದನ್ನು 25ಕ್ಕೆ ಕೂಡಿಸಿ, 36. ಮತ್ತೆ 11ಕ್ಕೆ 2 ಕೂಡಿಸಿ 13, ಅದನ್ನು 36ಕ್ಕೆ ಕೂಡಿಸಿದರೆ 49. ವರ್ಗ ಅಂದ್ರೇನು ಅಂತಲೇ ಗೊತ್ತಿಲ್ಲದವರೂ ಹೀಗೆ ಸಾಯಂಕಾಲದವರೆಗೆ ವರ್ಗಗಳನ್ನು ಬರೆದುಕೊಂಡು ಹೋಗಬಹುದು. ಲಾಗ್‌ಗೆ ವ್ಯತ್ಯಾಸಗಳ ಸಾಲು ಇನ್ನೂ ಹೆಚ್ಚು ಬೇಕು, ಆದರೆ ಉಪಾಯ ಇದೇ.

ಪ್ರೋನಿಯ ಜನ 17 ದೊಡ್ಡ ಸಂಪುಟ ತುಂಬಿಸಿದರು. ಪೂರ್ತಿಯಾಗಿ ಅದು ಅಚ್ಚಾಗಲೇ ಇಲ್ಲ, ಆ ಮಾತು ಬೇರೆ. ಇದನ್ನೆಲ್ಲ ತಿಳಿದುಕೊಂಡ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1832ರ ತನ್ನ ಪುಸ್ತಕದಲ್ಲಿ ಒಂದು ಕುತೂಹಲದ ಸಂಗತಿ ಬರೆದಿದ್ದಾನೆ. ಕೂಡೋದು ಕಳೆಯೋದು ಬಿಟ್ಟು ಬೇರೇನೂ ಗೊತ್ತಿಲ್ಲದವರೇ ಹೆಚ್ಚು ಗಣಿತ ಗೊತ್ತಿದ್ದವರಿಗಿಂತ ಕಮ್ಮಿ ತಪ್ಪು ಮಾಡುತ್ತಿದ್ದರಂತೆ. ಅಲ್ಲೇ ಇದೆ ಗುಟ್ಟು. ಬುದ್ಧಿ ಬಳಸದೆ ಮಾಡಿದಾಗಲೇ ಕೆಲಸ ಚೆನ್ನಾಗಿ ಆಗುತ್ತೆ ಅನ್ನೋದಾದರೆ, ಅದನ್ನು ಹಲ್ಲಿನ ಚಕ್ರಗಳ ಕೈಲೇ ಮಾಡಿಸಬಹುದಲ್ಲ?

ಬ್ಯಾಬೇಜ್ ಹೊರಟಿದ್ದು ಅದಕ್ಕೇ. 1821ರಲ್ಲಿ ಗೆಳೆಯ ಹರ್ಷೆಲ್ ಜೊತೆ ಕೂತು, ಇಬ್ಬರು ಬೇರೆ ಬೇರೆ ಮಾಡಿದ ಕೋಷ್ಟಕಗಳನ್ನು ತಾಳೆ ನೋಡುವಾಗ ತಪ್ಪಿನ ಮೇಲೆ ತಪ್ಪು ಸಿಕ್ಕಿ ಬೇಸತ್ತ. ಇದನ್ನು ಉಗಿಯಂತ್ರ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಅಂದನಂತೆ. ಆತನ ಡಿಫರೆನ್ಸ್ ಎಂಜಿನ್ ಅಂದ್ರೆ ಮೇಲೆ ಹೇಳಿದ ವ್ಯತ್ಯಾಸದ ಲೆಕ್ಕವನ್ನೇ ಮಾಡುವ ಹಿತ್ತಾಳೆ ಚಕ್ರಗಳ ಯಂತ್ರ. ಸರ್ಕಾರ 17,000 ಪೌಂಡಿಗೂ ಹೆಚ್ಚು ಕೊಟ್ಟಿತು, ಆದರೂ ಪೂರ್ತಿಯಾಗಲಿಲ್ಲ. ಆತನದೇ ಎರಡನೇ ನಕ್ಷೆ ನೋಡಿ ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ ಆ ಯಂತ್ರ ಕಟ್ಟಿತು. ಅದು ಸರಿಯಾಗಿಯೇ ಲೆಕ್ಕ ಮಾಡಿತು.

1830ರ ದಶಕದಲ್ಲಿ ಬ್ಯಾಬೇಜ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಂದೇ ಥರದ ಲೆಕ್ಕ ಯಾಕೆ, ಯಾವ ಲೆಕ್ಕ ಬೇಕಾದರೂ ಮಾಡುವ ಯಂತ್ರ ಬೇಕು. ಅದರಲ್ಲಿ ಸಂಖ್ಯೆಗಳನ್ನು ಇಡುವ ಒಂದು ಉಗ್ರಾಣ, ಅವುಗಳನ್ನು ಕೂಡಿ ಕಳೆಯುವ ಒಂದು ಗಿರಣಿ. ಏನು ಮಾಡಬೇಕು ಅಂತ ಹೇಳೋಕೆ ತೂತು ಹೊಡೆದ ರಟ್ಟಿನ ಮಾಲೆ. ನಮ್ಮ ಕಡೆ ರೇಷ್ಮೆ ಸೀರೆ ನೇಯುವ ಜಕಾರ್ಡ್ ಮಗ್ಗದ ಮೇಲೆ ನೇತಾಡುತ್ತಲ್ಲ, ಅದೇ ರಟ್ಟು. 1843ರಲ್ಲಿ ಏಡಾ ಲವ್‌ಲೇಸ್ ಈ ಯಂತ್ರದ ಬಗ್ಗೆ ಬರೆದ ಟಿಪ್ಪಣಿಯಲ್ಲಿ, ಬರ್ನೂಲಿ ಸಂಖ್ಯೆಗಳನ್ನು ಯಂತ್ರದಿಂದ ತೆಗೆಸಲು ಯಾವ ಹೆಜ್ಜೆಯ ಮೇಲೆ ಯಾವ ಹೆಜ್ಜೆ ಅಂತ ಪಟ್ಟಿ ಮಾಡಿ ತೋರಿಸಿದರು. ಯಂತ್ರ ಸ್ವಂತವಾಗಿ ಏನನ್ನೂ ಹುಟ್ಟಿಸೋದಿಲ್ಲ, ನಾವು ಹೇಳಿದ್ದನ್ನಷ್ಟೇ ಮಾಡುತ್ತೆ ಅನ್ನೋ ಎಚ್ಚರಿಕೆಯೂ ಅದರಲ್ಲೇ ಇದೆ. ಯಂತ್ರ ಮಾತ್ರ ಕಾಗದದಲ್ಲೇ ಉಳಿಯಿತು.

ಬೆಂಗಳೂರಿನಿಂದ ಎವರೆಸ್ಟ್‌ವರೆಗೆ

ಯಂತ್ರ ಕಾಗದದಲ್ಲಿ ಉಳಿದರೂ ಲೆಕ್ಕ ನಿಲ್ಲಲಿಲ್ಲ, ಲೆಕ್ಕ ಹಾಕುವ ಮನುಷ್ಯರು ಹೆಚ್ಚಾದರು. ಅಂಥವರ ಒಂದು ದೊಡ್ಡ ಪಡೆ ಇದ್ದದ್ದು ಭಾರತದಲ್ಲಿ, ಭೂಮಾಪನ ಇಲಾಖೆಯಲ್ಲಿ.

1799ರಲ್ಲಿ ಟಿಪ್ಪು ಸತ್ತು ಮೈಸೂರು ಸೀಮೆ ಇಂಗ್ಲಿಷರ ಹಿಡಿತಕ್ಕೆ ಬಂದ ಮೇಲೆ, ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ಏಳು ಮೈಲಿಗೂ ಹೆಚ್ಚು ಉದ್ದದ ಒಂದು ನೇರ ರೇಖೆ ಅಳೆದ. 1802ರಲ್ಲಿ ಮದರಾಸಿನಲ್ಲಿ ಇನ್ನೊಂದು ರೇಖೆ. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಪೇರಿಸುತ್ತಾ ಇಡೀ ದೇಶವನ್ನು ಅಳೆಯುವ ಮಹಾ ತ್ರಿಕೋನಮಿತಿ ಸರ್ವೆ ಹಿಮಾಲಯದವರೆಗೆ ನಡೆಯಿತು. ಬಯಲಿನಲ್ಲಿ ನಿಂತು ಕೋನ ಅಳೆಯುವುದು ಒಂದು ಕಷ್ಟವಾದರೆ, ಆ ಕೋನಗಳಿಂದ ದೂರ, ಎತ್ತರ ತೆಗೆಯುವುದು ಇನ್ನೊಂದು ಕಷ್ಟ. ಭೂಮಿಯ ಗುಂಡಗಿನ ಆಕಾರಕ್ಕೆ ತಿದ್ದುಪಡಿ, ಗಾಳಿಯಲ್ಲಿ ಬೆಳಕು ಬಾಗುವುದಕ್ಕೆ ತಿದ್ದುಪಡಿ. ಈ ಕಚೇರಿ ಕೆಲಸ ಮಾಡುವವರ ಹುದ್ದೆಯ ಹೆಸರೇ ಕಂಪ್ಯೂಟರ್.

1831ರಲ್ಲಿ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದಿದ್ದ ರಾಧಾನಾಥ ಸಿಕ್ದಾರ್ ಎಂಬ ಹುಡುಗ, ಇನ್ನೂ ಇಪ್ಪತ್ತು ತುಂಬುವ ಮುಂಚೆ, ಈ ಕೆಲಸಕ್ಕೆ ಸೇರಿದ. 1849ರ ಹೊತ್ತಿಗೆ ಮುಖ್ಯ ಕಂಪ್ಯೂಟರ್ ಆದ. ಹಿಮಾಲಯದ ‘ಶಿಖರ 15’ ಎಂಬುದನ್ನು ನೂರಕ್ಕೂ ಹೆಚ್ಚು ಮೈಲಿ ದೂರದ ಆರು ಕಡೆಗಳಿಂದ ನೋಡಿ ಅಳತೆ ತಂದಿದ್ದರು. ಆ ಅಂಕಿಗಳಿಂದ ಅದೇ ಜಗತ್ತಿನ ಅತಿ ಎತ್ತರದ ಶಿಖರ ಅಂತ ತೆಗೆದ ಲೆಕ್ಕದ ಶ್ರೇಯಸ್ಸು ಸಾಮಾನ್ಯವಾಗಿ ರಾಧಾನಾಥರಿಗೇ ಸಲ್ಲುತ್ತದೆ. ಯಾರ ಪಾಲು ಎಷ್ಟು ಅಂತ ಇತಿಹಾಸಕಾರರು ಇನ್ನೂ ವಾದ ಮಾಡುತ್ತಾರೆ. 1856ರಲ್ಲಿ ಸರ್ವೆಯ ಮುಖ್ಯಸ್ಥ ಆಂಡ್ರ್ಯೂ ವಾ ಪ್ರಕಟಿಸಿದ ಎತ್ತರ 29,002 ಅಡಿ. 2020ರಲ್ಲಿ ಉಪಗ್ರಹದ ಸಹಾಯದಿಂದ ಅಳೆದು ಘೋಷಿಸಿದ್ದು 8,848.86 ಮೀಟರ್, ಅಂದ್ರೆ ಸುಮಾರು 29,032 ಅಡಿ. ಕೈಲೆಕ್ಕಕ್ಕೂ ಉಪಗ್ರಹಕ್ಕೂ ಮೂವತ್ತು ಅಡಿ ವ್ಯತ್ಯಾಸ!

ಶಿಖರಕ್ಕೆ ಹೆಸರು ಬಂದದ್ದು ನಿವೃತ್ತರಾಗಿದ್ದ ಹಳೆಯ ಮುಖ್ಯಸ್ಥ ಜಾರ್ಜ್ ಎವರೆಸ್ಟ್‌ದು. ಅದಾದರೂ ಹೋಗಲಿ ಅನ್ನಬಹುದು. 1851ರಲ್ಲಿ ಸರ್ವೆ ಇಲಾಖೆ ಒಂದು ಕೈಪಿಡಿ ಅಚ್ಚು ಹಾಕಿಸಿದಾಗ, ಅದರ ಗಣಿತದ ಭಾಗಗಳಿಗೆ ರಾಧಾನಾಥರ ನೆರವು ಎಷ್ಟಿತ್ತು ಅಂತ ಮುನ್ನುಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಅವರು 1870ರಲ್ಲಿ ತೀರಿಕೊಂಡರು. 1875ರ ಮೂರನೇ ಮುದ್ರಣದಲ್ಲಿ ಆ ಮಾತೇ ಮಾಯ. ಇದು ಸತ್ತವನ ಮನೆ ದೋಚಿದ ಹಾಗೆ ಅನ್ನುವ ಅರ್ಥದಲ್ಲಿ ‘ಫ್ರೆಂಡ್ ಆಫ್ ಇಂಡಿಯಾ’ ಪತ್ರಿಕೆ ಆಗಲೇ ಛೀಮಾರಿ ಹಾಕಿತು. ಪ್ಯಾರಿಸ್ಸಿನ ಲಪೋತ್ ನೆನಪಾದರಲ್ವಾ?

ಮೆಟ್ಟಿಲ ದೀಪ ಕೂಡಿಸುವ ಲೆಕ್ಕ

ಈಗ ಈ ಲೆಕ್ಕದ ಕಚೇರಿಯ ಒಂದು ಮೇಜನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಜಿನ ಮೇಲೆ ಏನೇನಿದೆ? ಒಂದು ಸೂಚನೆಯ ಹಾಳೆ: ‘3ನೇ ಮನೆಯ ಅಂಕಿಯನ್ನು 5ನೇ ಮನೆಯ ಅಂಕಿಗೆ ಕೂಡಿಸಿ 6ರಲ್ಲಿ ಬರೆ. ಉತ್ತರ ಸೊನ್ನೆಗಿಂತ ಕಮ್ಮಿ ಬಂದರೆ 12ನೇ ಸಾಲಿಗೆ ಹೋಗು.’ ಅಂಕಿ ಬರೆಯಲು ಮನೆ ಮನೆಯಾಗಿ ಗೆರೆ ಹಾಕಿದ ಕಾಗದ. ಕೂಡಿ ಕಳೆಯಲು ಹಿಡಿಕೆ ತಿರುಗಿಸುವ ಸಣ್ಣ ಲೆಕ್ಕದ ಮಿಷನ್. ಇನ್ನೊಂದು ಮುಖ್ಯವಾದದ್ದು, ಯಾವ ಸಾಲಿನಲ್ಲಿದ್ದೇವೆ ಅಂತ ಹಾಳೆಯ ಮೇಲೆ ಜಾರುತ್ತಾ ಹೋಗುವ ಎಡಗೈ ಬೆರಳು. ಅಂಕಿಗಳು ಪಕ್ಕದ ಮೇಜಿನಿಂದ ಬರುತ್ತವೆ, ಉತ್ತರ ಮುಂದಿನ ಮೇಜಿಗೆ ಹೋಗುತ್ತದೆ.

ಇದೇ ಕಂಪ್ಯೂಟರ್. ಸೂಚನೆಯ ಹಾಳೆ ಅಂದ್ರೆ ಪ್ರೋಗ್ರಾಂ. ಮನೆ ಹಾಕಿದ ಕಾಗದ ಅಂದ್ರೆ ಮೆಮೊರಿ. ಲೆಕ್ಕದ ಮಿಷನ್ನು ಮತ್ತು ಆ ಬೆರಳು ಸೇರಿದರೆ ಪ್ರೊಸೆಸರ್. ಪಕ್ಕದ ಮೇಜುಗಳು ಇನ್‌ಪುಟ್, ಔಟ್‌ಪುಟ್. 1936ರಲ್ಲಿ ಅಲನ್ ಟ್ಯೂರಿಂಗ್ ಎಂಬ ಇಂಗ್ಲೆಂಡಿನ ಗಣಿತಜ್ಞ ಬರೆದ ಪ್ರಸಿದ್ಧ ಪ್ರಬಂಧದಲ್ಲೂ ‘ಕಂಪ್ಯೂಟರ್’ ಅಂದ್ರೆ ಮನುಷ್ಯನೇ. ಮನೆ ಹಾಕಿದ ಕಾಗದದ ಮೇಲೆ ಲೆಕ್ಕ ಮಾಡುವ ಒಬ್ಬನ ಕೆಲಸವನ್ನು ಎಷ್ಟು ಸಣ್ಣ ಹೆಜ್ಜೆಗಳಾಗಿ ಒಡೆಯಬಹುದು ಅಂತ ನೋಡಿ, ಆ ಹೆಜ್ಜೆಗಳನ್ನಷ್ಟೇ ಮಾಡಬಲ್ಲ ಒಂದು ಯಂತ್ರವನ್ನು ಆತ ಊಹಿಸಿದ. ಇವತ್ತಿನ ಎಲ್ಲ ಕಂಪ್ಯೂಟರುಗಳ ಗಣಿತದ ಬುಡ ಅದು.

ಸರಿ, ಕರೆಂಟಿಗೆ ಕೂಡಿಸೋಕೆ ಹೇಗೆ ಬರುತ್ತೆ? ಇದನ್ನು ತಿಳಿಯೋಕೆ ನಮ್ಮ ಮನೆಯ ವೈರಿಂಗ್ ಸಾಕು. ಎಲ್ಲ ಅಂಕಿಯನ್ನೂ 0 ಮತ್ತು 1 ಎರಡರಲ್ಲೇ ಬರೆಯುತ್ತೇವೆ ಅಂದುಕೊಳ್ಳಿ. ಆಗ ಕೂಡುವ ಮಗ್ಗಿ ನಾಲ್ಕೇ ಸಾಲು. 0ಕ್ಕೆ 0 ಕೂಡಿದರೆ 0. 0ಕ್ಕೆ 1 ಕೂಡಿದರೂ, 1ಕ್ಕೆ 0 ಕೂಡಿದರೂ 1. 1ಕ್ಕೆ 1 ಕೂಡಿದರೆ 0 ಬರೆದು, ದಶಕ 1.

ಮೆಟ್ಟಿಲಿಗೆ ಹಾಕಿರೋ ದೀಪ ನೋಡಿ. ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಎರಡೂ ಒಂದೇ ಥರ ಇದ್ದಾಗ ದೀಪ ಆರಿರುತ್ತೆ, ಬೇರೆ ಬೇರೆ ಇದ್ದಾಗ ಉರಿಯುತ್ತೆ. ಸ್ವಿಚ್ಚು ಒತ್ತಿದ್ದರೆ 1, ಇಲ್ಲದಿದ್ದರೆ 0 ಅನ್ನಿ. 0-0 ಆರಿದೆ, 0-1 ಉರಿದಿದೆ, 1-0 ಉರಿದಿದೆ, 1-1 ಆರಿದೆ. ಮೇಲಿನ ಮಗ್ಗಿಯ ಉತ್ತರ ಅದೇ! ಇನ್ನು ದಶಕ. ಅದಕ್ಕೆ ಫ್ಯಾನ್ ಇದೆ. ಮೇನ್ ಸ್ವಿಚ್ಚೂ ಹಾಕಿರಬೇಕು, ಫ್ಯಾನಿನ ಸ್ವಿಚ್ಚೂ ಹಾಕಿರಬೇಕು, ಆಗಲೇ ಅದು ತಿರುಗೋದು. ಎರಡೂ 1 ಆದಾಗ ಮಾತ್ರ ದಶಕ 1. ಈ ಎರಡು ಜೋಡಣೆ ಸೇರಿಸಿದರೆ ಒಂದು ಮನೆಯ ಸಂಕಲನ ಆಯಿತು, ಇಂಥವನ್ನು ಸಾಲಾಗಿ ಕೂಡಿಸಿಕೊಂಡು ಹೋದರೆ ಎಷ್ಟು ದೊಡ್ಡ ಸಂಖ್ಯೆಯಾದರೂ ಸರಿ. ಸ್ವಿಚ್ಚುಗಳಿಗೂ ತರ್ಕಕ್ಕೂ ಇರುವ ಈ ನಂಟನ್ನು ಕ್ಲಾಡ್ ಶಾನನ್ 1937ರ ತನ್ನ ಎಂ.ಐ.ಟಿ. ಪ್ರಬಂಧದಲ್ಲಿ ತೋರಿಸಿಕೊಟ್ಟ. ಅದೇ ವರ್ಷ ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್ ಮನೆಯ ಅಡುಗೆಮನೆ ಮೇಜಿನ ಮೇಲೆ ಟೆಲಿಫೋನ್ ರಿಲೇ, ಟಾರ್ಚ್ ಬಲ್ಬು ಹಾಕಿ ಇಂಥ ಒಂದು ಕೂಡುವ ಸರ್ಕೀಟು ಮಾಡಿದ.

ಮಿಕ್ಕಿದ್ದೆಲ್ಲ ಈ ಸ್ವಿಚ್ಚು ಎಷ್ಟು ಸಣ್ಣದು, ಎಷ್ಟು ಬೇಗ ಅನ್ನೋದರ ಕಥೆ. ಮೊದಲು ಟಕಟಕ ಅನ್ನುವ ರಿಲೇ, ಆಮೇಲೆ ಹಳೇ ರೇಡಿಯೋದಲ್ಲಿ ಇರುತ್ತಿದ್ದ ವಾಲ್ವ್, 1947ರಲ್ಲಿ ಟ್ರಾನ್ಸಿಸ್ಟರ್. 1971ರ ಇಂಟೆಲ್ 4004 ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್ ಇದ್ದವು. ಇವತ್ತಿನ ದುಬಾರಿ ಮೊಬೈಲಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು. ಕೆಲಸ ಮಾತ್ರ ಮೆಟ್ಟಿಲ ದೀಪದ್ದೇ.

ಹೆಸರು ಯಂತ್ರಕ್ಕೆ ಹೋಯಿತು

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಫಿರಂಗಿ ಕೋಷ್ಟಕಗಳು ಬೇಕಾದವು. ಇಷ್ಟು ಕೋನ, ಇಷ್ಟು ಗಾಳಿ ಇದ್ದರೆ ಗುಂಡು ಎಲ್ಲಿ ಬೀಳುತ್ತೆ ಅನ್ನೋ ಲೆಕ್ಕ. ಗಂಡಸರು ಯುದ್ಧಕ್ಕೆ ಹೋಗಿದ್ದರು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿತ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ‘ಕಂಪ್ಯೂಟರ್’ ಹುದ್ದೆಗೆ ತೆಗೆದುಕೊಂಡರು. ಒಂದೇ ಒಂದು ಗುಂಡಿನ ದಾರಿ ತೆಗೆಯಲು ಒಬ್ಬರಿಗೆ ಸುಮಾರು 20 ಗಂಟೆ. ಒಂದು ಕೋಷ್ಟಕಕ್ಕೆ ಅಂಥವು ಸಾವಿರಾರು. ಯಾವ ಲೆಕ್ಕಕ್ಕೆ ಸಾಲುತ್ತೆ?

ಹಾಗಾಗಿ ಅಲ್ಲೇ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ 1943ರಲ್ಲಿ ಎನಿಯಾಕ್ ಕಟ್ಟೋಕೆ ಶುರುಮಾಡಿದರು. ಸುಮಾರು 18,000 ವಾಲ್ವ್, 30 ಟನ್ ತೂಕ, ಸೆಕೆಂಡಿಗೆ 5,000 ಸಂಕಲನ. 20 ಗಂಟೆಯ ಲೆಕ್ಕ ಸುಮಾರು 30 ಸೆಕೆಂಡಿಗೆ ಇಳಿಯಿತು. (ಎನಿಯಾಕ್ 0-1ರಲ್ಲಿ ಎಣಿಸುತ್ತಿರಲಿಲ್ಲ, ನಮ್ಮ ಹಾಗೆ ಹತ್ತರ ಎಣಿಕೆಯದೇ.) ಆದರೆ ಯಂತ್ರಕ್ಕೆ ಲೆಕ್ಕ ಹೇಳಿಕೊಡುವವರು ಯಾರು? ಲೆಕ್ಕದ ಹೆಜ್ಜೆ ಗೊತ್ತಿದ್ದದ್ದು ಆ ಹೆಣ್ಣುಮಕ್ಕಳಿಗೇ ತಾನೆ? ಆರು ಜನರನ್ನು ಆರಿಸಿದರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಫ್ರಾನ್ಸಿಸ್ ಬೈಲಾಸ್, ಬೆಟ್ಟಿ ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ರೂತ್ ಲಿಕ್ಟರ್‌ಮನ್, ಮಾರ್ಲಿನ್ ವೆಸ್ಕಾಫ್. ಪ್ರೋಗ್ರಾಮಿಂಗ್ ಭಾಷೆ ಇಲ್ಲ, ಪುಸ್ತಕ ಇಲ್ಲ. ಮೊದಮೊದಲು ಯಂತ್ರ ಇದ್ದ ಕೋಣೆಗೆ ಹೋಗುವ ಅನುಮತಿಯೂ ಇಲ್ಲ. ನಕ್ಷೆಗಳನ್ನು ನೋಡಿಯೇ ಯಂತ್ರವನ್ನು ಅರ್ಥ ಮಾಡಿಕೊಂಡರು. ಆಮೇಲೆ ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ಕೇಬಲ್ ಸಿಕ್ಕಿಸಿ, ಸ್ವಿಚ್ಚು ತಿರುಗಿಸಿ, ಒಂದೊಂದು ಲೆಕ್ಕವನ್ನು ಕೂರಿಸುತ್ತಿದ್ದರು.

1946ರ ಫೆಬ್ರವರಿಯಲ್ಲಿ ಎನಿಯಾಕ್ ಲೋಕಾರ್ಪಣೆ. ಬಂದವರ ಮುಂದೆ ಯಂತ್ರ ಮಾಡಿ ತೋರಿಸಿದ ಗುಂಡಿನ ಲೆಕ್ಕ ಇವರು ಕೂರಿಸಿಟ್ಟಿದ್ದು. ರಾತ್ರಿ ದೊಡ್ಡವರಿಗೆಲ್ಲ ಔತಣ ಇತ್ತು. ಈ ಆರು ಜನರಿಗೆ ಕರೆ ಇರಲಿಲ್ಲ. ಫೋಟೋಗಳಲ್ಲಿ ಇದ್ದರು, ಹೆಸರು ಇರಲಿಲ್ಲ. 1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಆ ಫೋಟೋ ನೋಡಿ ಇವರು ಯಾರು ಅಂತ ಕೇಳಿದಾಗ, ಯಂತ್ರ ಚೆನ್ನಾಗಿ ಕಾಣಲಿ ಅಂತ ನಿಲ್ಲಿಸಿದ ಮಾಡೆಲ್‌ಗಳು ಎಂಬ ಉತ್ತರ ಬಂತಂತೆ. ಆಕೆ ಹಿಂದೆ ಬಿದ್ದು ಅವರನ್ನು ಹುಡುಕಿ ಮಾತಾಡಿಸಿದ್ದರಿಂದ ಮೇಲಿನ ಆರು ಹೆಸರು ನಾನು ಬರೆಯುವಂತಾಯಿತು.

ಹೆಸರು ಕಳೆದುಕೊಂಡವರಲ್ಲಿ ಯಂತ್ರ ಕಟ್ಟಿದವರೂ ಇದ್ದಾರೆ. ಎನಿಯಾಕ್‌ನಲ್ಲಿ ಲೆಕ್ಕ ಬದಲಾಯಿಸಬೇಕಾದರೆ ಕೇಬಲ್ ಬದಲಾಯಿಸಬೇಕು, ಅದಕ್ಕೆ ದಿನಗಟ್ಟಲೆ ಬೇಕು. ಸೂಚನೆಯ ಹಾಳೆಯನ್ನೂ ಅಂಕಿಗಳ ಕಾಗದದಲ್ಲೇ, ಅಂದ್ರೆ ಮೆಮೊರಿಯಲ್ಲೇ ಬರೆದಿಟ್ಟರೆ? ಈ ಯೋಚನೆ ಇರುವ ವರದಿ 1945ರ ಜೂನ್‌ನಲ್ಲಿ ಹೊರಬಂತು. ಮಾಕ್ಲಿ, ಎಕರ್ಟ್ ಎಲ್ಲರೂ ಸೇರಿ ಚರ್ಚಿಸಿದ ವಿಷಯ, ರಕ್ಷಾಪುಟದ ಮೇಲೆ ಜಾನ್ ವಾನ್ ನಾಯ್ಮನ್ ಒಬ್ಬರದೇ ಹೆಸರು. ಇವತ್ತಿಗೂ ಪಠ್ಯದಲ್ಲಿ ಅದು ‘ವಾನ್ ನಾಯ್ಮನ್ ವಿನ್ಯಾಸ’.

ಆ ಯೋಚನೆ ಮೊದಲು ಓಡಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, 1948ರ ಜೂನ್ 21ರಂದು. ‘ಬೇಬಿ’ ಎಂಬ ಆ ಯಂತ್ರದ ಮೆಮೊರಿ ಬರೀ 1,024 ಬಿಟ್, ಅಂದ್ರೆ 128 ಬೈಟ್. 2,62,144ರ ಅತಿ ದೊಡ್ಡ ಅಪವರ್ತನ (ಆ ಸಂಖ್ಯೆಯನ್ನು ಬಿಟ್ಟು) ಯಾವುದು ಅಂತ ಕೇಳಿದ್ದರು. ಐದನೇ ಕ್ಲಾಸಿನ ಮಗು ಅರ್ಧ ಮಾಡಿ 1,31,072 ಅಂದುಬಿಡುತ್ತೆ. ಬೇಬಿ ಮೇಲಿನಿಂದ ಒಂದೊಂದೇ ಸಂಖ್ಯೆ ಹಿಡಿದು, ಕಳೆದು ಕಳೆದು ನೋಡಿ, ಸುಮಾರು 35 ಲಕ್ಷ ಹೆಜ್ಜೆ ಹಾಕಿ 52 ನಿಮಿಷಕ್ಕೆ ಅದೇ ಉತ್ತರ ಹೇಳಿತು. ಒಂದು ಕಡೆಯೂ ತಪ್ಪಲಿಲ್ಲ, ಬೇಸರ ಮಾಡಿಕೊಳ್ಳಲಿಲ್ಲ. ಪ್ರೋನಿ ಹುಡುಕುತ್ತಿದ್ದ ಆದರ್ಶ ನೌಕರ ಸಿಕ್ಕಿದ್ದು ಹೀಗೆ.

ಉಳಿದವರು

ಹಾಗಾದರೆ ಮನುಷ್ಯ ಕಂಪ್ಯೂಟರುಗಳು ಏನಾದರು? ಹೆಚ್ಚಿನವರ ಕೆಲಸ ಹೋಯಿತು, ಕೆಲವರು ಹೊಸ ಕೆಲಸ ಕಲಿತರು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಕಪ್ಪು ಮಹಿಳೆಯರ ಗಣಕ ವಿಭಾಗ ನೋಡಿಕೊಳ್ಳುತ್ತಿದ್ದ ಡೊರೊತಿ ವಾನ್, ಯಂತ್ರ ಬರುತ್ತಿದೆ ಅಂತ ತಿಳಿದು ತಾವೂ ಫೋರ್ಟ್ರಾನ್ ಕಲಿತು ತಮ್ಮವರಿಗೂ ಕಲಿಸಿದರು. 1962ರಲ್ಲಿ ಜಾನ್ ಗ್ಲೆನ್ ಭೂಮಿ ಸುತ್ತಲು ಹೊರಟಾಗ, ಯಂತ್ರ ಕೊಟ್ಟ ಅಂಕಿಗಳನ್ನು ಕ್ಯಾಥರೀನ್ ಜಾನ್ಸನ್ ಕೈಯಲ್ಲಿ ತಾಳೆ ನೋಡಿ ಸರಿ ಅನ್ನಲಿ ಎಂದು ಕೇಳಿದರು. ಹೊಸ ಕಂಪ್ಯೂಟರನ್ನು ನಂಬೋಕೆ ಹಳೇ ಕಂಪ್ಯೂಟರಿನ ಸಾಕ್ಷಿ.

ನಮ್ಮ ಬೆಂಗಳೂರಿನ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದಾಗ ಜಗತ್ತು ಅವರನ್ನು ‘ಮಾನವ ಕಂಪ್ಯೂಟರ್’ ಅಂತ ಕೊಂಡಾಡಿತು. ಆ ಬಿರುದು ಅವರಿಗೆ ಅಷ್ಟೇನೂ ಹಿಡಿಸಲಿಲ್ಲವಂತೆ. ಅಷ್ಟರಲ್ಲಿ ಪದ ಪೂರ್ತಿ ತಿರುಗಿಬಿಟ್ಟಿತ್ತು ನೋಡಿ. ಮೊದಲು ಮನುಷ್ಯನ ಹೆಸರನ್ನು ಯಂತ್ರಕ್ಕೆ ಇಟ್ಟೆವು, ಮೂವತ್ತು ವರ್ಷದಲ್ಲಿ ಯಂತ್ರದ ಹೆಸರು ಮನುಷ್ಯನಿಗೆ ಹೊಗಳಿಕೆಯಾಯಿತು.

ಇದೆಲ್ಲ ಹಳೇ ಕಥೆ ಅನ್ನಬೇಡಿ. ಫೋಟೋ ನೋಡಿ ಇದು ಬೆಕ್ಕು, ಇದು ನಾಯಿ ಅಂತ ಗುರುತಿಸುವ ಕಂಪ್ಯೂಟರುಗಳಿಗೆ ದೊಡ್ಡ ತಿರುವು ಕೊಟ್ಟಿದ್ದು ಇಮೇಜ್‌ನೆಟ್ ಎಂಬ ಸಂಗ್ರಹ. ಅದರಲ್ಲಿ 1 ಕೋಟಿ 40 ಲಕ್ಷ ಚಿತ್ರಗಳು. ಅವು ಏನೇನು ಅಂತ ಮೊದಲು ನೋಡಿ ಹೇಳಿದವರು ಮನುಷ್ಯರು, 167 ದೇಶಗಳ ಸುಮಾರು 49,000 ಜನ. ಇಂಟರ್ನೆಟ್‌ನಲ್ಲಿ ಒಂದೊಂದು ಚಿತ್ರಕ್ಕೂ ಚಿಲ್ಲರೆ ಕಾಸು ಪಡೆದು ಕೆಲಸ ಮಾಡಿದವರು. ಕೆಲಸ ಸಣ್ಣ ಸಣ್ಣ ತುಂಡಾಗಿದೆ, ಮಾಡುವವರು ಬೇರೆ ಬೇರೆ ಕಡೆ ಕೂತಿದ್ದಾರೆ, ಹೆಸರು ಎಲ್ಲೂ ಇಲ್ಲ. ಪ್ರೋನಿಯ ಕಾರ್ಖಾನೆಯೇ ಅಲ್ವಾ ಇದು?

ಯಂತ್ರ ಕೆಲಸ ಕಿತ್ತುಕೊಳ್ಳುತ್ತೆ ಅನ್ನೋ ಭಯ ಈಗ ಎಲ್ಲರ ಬಾಯಲ್ಲೂ ಇದೆ. ಭಯ ಸುಳ್ಳೇನಲ್ಲ, ಇತಿಹಾಸದಲ್ಲಿ ಹಾಗೆ ಆಗಿದೆ. ಆದರೆ ಕೆಲಸ ಹೋಗುವ ಮೊದಲೇ ಹೆಸರು ಹೋಗಿರುತ್ತದೆ ಅನ್ನೋದು ಅದೇ ಇತಿಹಾಸ ಹೇಳುವ ಇನ್ನೊಂದು ಮಾತು. ಲಪೋತ್, ರಾಧಾನಾಥ, ಎನಿಯಾಕ್‌ನ ಆರು ಮಂದಿ ಇವರನ್ನೆಲ್ಲ ಮರೆಸಿದ್ದು ಯಂತ್ರವಲ್ಲ, ಮುನ್ನುಡಿ ತಿದ್ದಿದವರು, ಔತಣದ ಪಟ್ಟಿ ಬರೆದವರು. ಹೆಸರು ಉಳಿದದ್ದು ಲಾಲಾಂದ್ ಥರ, ಕ್ಯಾಥಿ ಕ್ಲೈಮನ್ ಥರ ಒಬ್ಬರು ‘ಇದನ್ನು ಮಾಡಿದವರು ಯಾರು?’ ಅಂತ ಕೇಳಿದ್ದಕ್ಕೆ. ಇನ್ನೊಮ್ಮೆ ಯಾರಾದರೂ ‘ಅದನ್ನೆಲ್ಲ ಕಂಪ್ಯೂಟರೇ ಮಾಡಿಬಿಡುತ್ತೆ ಬಿಡ್ರಿ’ ಅಂದಾಗ ಆ ಪ್ರಶ್ನೆಯನ್ನು ನಾವೂ ಒಮ್ಮೆ ಕೇಳಿ ನೋಡಬಹುದು.